ದೊಡ್ಡಮ್ಮನ ಸೂತಕ

ಒಣ ಬಂಗುಡೆ ಕೆಂಡದ ಮೇಲೆ ಬಿದ್ದ ಕೂಡಲೇ ಒಂದು ವಾಸನೆ ಏಳುತ್ತದೆ. ಅದನ್ನು ನಾತ ಎನ್ನುವವರ ಜೊತೆ ನನಗೆ ಜಗಳವಿಲ್ಲ, ಸ್ನೇಹವೂ ಇಲ್ಲ. ಮೊನ್ನೆ ಸಂಜೆ ಕುಂಜತ್ತೂರಿನ ನಮ್ಮ ಬಾಡಿಗೆ ಮನೆಯ ಕೆಳಗಿನ ಅಂತಸ್ತಿನಲ್ಲಿ ಯಾರೋ ಮೀನು ಸುಟ್ಟರು. ಎದುರಿನ ಮನೆಯವರು ಪಟಪಟನೆ ಕಿಟಕಿ ಹಾಕಿಕೊಂಡರು. ನಾನು ಹಾಕಿದ್ದ ಕಿಟಕಿ ತೆರೆದು ಸರಳಿಗೆ ಮುಖ ಒತ್ತಿ ನಿಂತೆ. ಉಪ್ಪು, ಹೊಗೆ, ಕರಕಲಾದ ಚರ್ಮದ ಕಹಿ, ಅದರ ಹಿಂದೆಯೇ ತೆಂಗಿನೆಣ್ಣೆಯ ದೀಪದ ವಾಸನೆ. ದೀಪವನ್ನು ಅಲ್ಲಿ ಯಾರೂ ಹಚ್ಚಿರಲಿಲ್ಲ. ಅದು ನನ್ನ ಮೂಗು ತಾನಾಗಿ ಸೇರಿಸಿಕೊಂಡದ್ದು. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಈ ಎರಡು ವಾಸನೆಗಳು ಮುಸ್ಸಂಜೆಯ ಒಂದೇ ಹೊತ್ತಿಗೆ ಏಳುತ್ತಿದ್ದವು. ಎದುರು ಚಾವಡಿಯಲ್ಲಿ ದೈವದ ದೀಪ, ಹಿಂದೆ ಒಲೆಯಲ್ಲಿ ಗಂಜಿಗೆ ನೆಂಚಿಕೊಳ್ಳಲು ಮೀನು. ಎರಡನ್ನೂ ಹೊತ್ತಿಸುತ್ತಿದ್ದ ಕೈ ಒಂದೇ, ನನ್ನ ಅಮ್ಮನ ಅಕ್ಕ ಗುಲಾಬಿ ದೊಡ್ಡಮ್ಮನದು.

ನಾನು ಪಾಠ ಮಾಡುವ ಶಾಲೆಯಲ್ಲಿ ಒಬ್ಬರು ಟೀಚರು ಇದ್ದಾರೆ. ದಿನಾ ಬೆಳಿಗ್ಗೆ ನಮ್ಮೆಲ್ಲರ ಫೋನಿಗೆ ಒಂದು ಕಮಲದ ಹೂವು, ಅದರ ಕೆಳಗೆ ಆಧ್ಯಾತ್ಮಿಕ ಬೆಳವಣಿಗೆಯ ಬಗ್ಗೆ ನಾಲ್ಕು ಸಾಲು ಕಳಿಸುತ್ತಾರೆ. ಮನಸ್ಸು ಶುದ್ಧವಾಗಿರಲಿ, ಮನೆ ಶುದ್ಧವಾಗಿರಲಿ, ಉಣ್ಣುವ ಅನ್ನ ಶುದ್ಧವಾಗಿರಲಿ. ಒಳ್ಳೆಯ ಹೆಂಗಸು, ಸಿಟ್ಟು ಮಾಡುವ ಹಾಗಿಲ್ಲ. "ನೀವು ಎಂತ ಮಾರಾಯ್ತಿ, ಒಂದು ದಿನವಾದರೂ ಕೈಮುಗಿದ ಚಿತ್ರ ಹಾಕಬಾರದಾ?" ಎಂದು ಒಮ್ಮೆ ಕೇಳಿಯೂ ಬಿಟ್ಟರು. ನಕ್ಕುಬಿಟ್ಟೆ. ಶುದ್ಧ ಎಂಬ ಆ ಮಾತು ನಮ್ಮ ಮನೆಯನ್ನು ತಿಂದಿದೆ. ಹೇಗೆ ತಿಂದಿತು ಎಂದು ಕಮಲದ ಹೂವಿನ ಕೆಳಗೆ ನಾಲ್ಕು ಸಾಲಿನಲ್ಲಿ ಬರೆಯಲಿಕ್ಕೆ ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕಾಸರಗೋಡಿನ ಕಡೆಯ ಬೋವಿಕಾನದಿಂದ ಒಳಗೆ, ಮುರಕಲ್ಲಿನ ಗುಡ್ಡೆಯ ಬೆನ್ನಿಗೆ ಅಂಟಿಕೊಂಡಿದ್ದ ತರವಾಡು ಮನೆ. ತರವಾಡು ಎಂದರೆ ತಾಯಿಯ ಕಡೆಯ ಇಡೀ ಕುಟುಂಬಕ್ಕೆ ಮೂಲವಾದ ಮನೆ. ಎಲ್ಲರಿಗೂ ಸೇರಿದ್ದು, ಆದ್ದರಿಂದ ಸುಣ್ಣ ಬಳಿಯುವುದು ಮಾತ್ರ ಯಾರಿಗೂ ಸೇರಿದ್ದಲ್ಲ. ಎರಡು ಸಾವಿರದ ಒಂದನೆಯ ಇಸವಿಯಲ್ಲಿ ನಾನು ಒಂದನೆಯ ಕ್ಲಾಸಿಗೆ ಸೇರಿದಾಗ ಅಲ್ಲಿ ಇದ್ದದ್ದು ನಾವು ಮೂವರು, ದೊಡ್ಡಮ್ಮ, ಅಮ್ಮ ಮತ್ತೆ ನಾನು. ಅಪ್ಪ ಶಾರ್ಜಾದ ಬೇಕರಿಯಲ್ಲಿ ಇದ್ದರು, ಎರಡು ವರ್ಷಕ್ಕೊಮ್ಮೆ ಸೆಂಟಿನ ಬಾಟಲಿಯೊಂದಿಗೆ ಬಂದು ಹೋಗುತ್ತಿದ್ದರು. ಮಣ್ಣಿನ ಗೋಡೆ, ಹೆಂಚಿನ ಮಾಡು, ಅಂಗಳದ ಅಂಚಿಗೆ ಗೇರುಮರಗಳು. ಬೇಸಗೆಯಲ್ಲಿ ಗೇರುಹಣ್ಣು ಕೊಳೆತು ಇಡೀ ಮನೆಗೆ ಅಮಲು ಏರಿದ ಹಾಗೆ ಇರುತ್ತಿತ್ತು. ಚಾವಡಿಯ ಮೂಲೆಯಲ್ಲಿ ಕಪ್ಪು ಮರದ ಒಂದು ಮಂಚ, ಅದರ ಮೇಲೆ ದೈವದ ಖಡ್ಗ, ಒಂದು ಗಂಟೆ, ಕೆಳಗೆ ತೂಗುದೀಪ. ಮಂಚದಿಂದ ನಾಲ್ಕು ಮಾರು ದೂರದಲ್ಲಿ ಗೋಡೆಗೆ ಒರಗಿ ದೊಡ್ಡಮ್ಮ ಬೀಡಿ ಕಟ್ಟುತ್ತಿದ್ದಳು. ಮೊರದ ತುಂಬ ಎಲೆ, ಮಡಿಲಲ್ಲಿ ಹೊಗೆಸೊಪ್ಪಿನ ಪುಡಿ, ಬಾಯಿ ತುಂಬ ಮಾತು. ನಾನು ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತು ಕನ್ನಡ ಪಾಠ ಓದುತ್ತಿದ್ದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತ್ ಆಫೀಸಿಗೆ ಹೋದರೆ ಮಲಯಾಳ. ಆ ಬೆನ್ನಿನ ಬಿಸಿಗೆ ಮಾತ್ರ ಯಾವ ಭಾಷೆಯೂ ಬೇಕಿರಲಿಲ್ಲ.

ದೊಡ್ಡಮ್ಮನನ್ನು ಬದಿಯಡ್ಕದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರಂತೆ. ವರ್ಷ ತುಂಬುವ ಮೊದಲು ಒಂದು ಚೀಲ ಹಿಡಿದುಕೊಂಡು ಬಸ್ಸಿನಲ್ಲಿ ವಾಪಸು ಬಂದಳು. ಯಾಕೆ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ, "ಅಲ್ಲಿ ಗಾಳಿ ಸಾಲುವುದಿಲ್ಲ." ಅಷ್ಟೇ. ನಮ್ಮಲ್ಲಿ ಅದು ದೊಡ್ಡ ಸಂಗತಿಯೂ ಅಲ್ಲ. ನಮ್ಮ ಕಟ್ಟಿನಲ್ಲಿ ಹೆಣ್ಣು ಮದುವೆಯಾಗಿ ಎಲ್ಲಿಗೆ ಹೋದರೂ ತಾಯಿಮನೆಯವಳೇ. ಅವಳ ಮಕ್ಕಳು ತಾಯಿಮನೆಯ ಹೆಸರಿನವರು, ಅವಳು ಸತ್ತರೆ ಸೂತಕ ಹಿಡಿಯುವವರು ತಾಯಿಮನೆಯವರು, ಅವಳನ್ನು ಸುಡುವುದು ತಾಯಿಮನೆಯ ತೆಂಕು ಮೂಲೆಯಲ್ಲಿ. ಬಂದ ದಿನವೇ ದೊಡ್ಡಮ್ಮ ಕೈಕಾಲು ತೊಳೆದು ದೀಪ ಹಚ್ಚಿದಳಂತೆ. ಅಲ್ಲಿಂದ ಮುಂದೆ ಆ ಮನೆಯಲ್ಲಿ ದೀಪ ಹಚ್ಚುವ ಕೆಲಸ ಅವಳದು. ಯಾರೂ ವಹಿಸಿಕೊಟ್ಟದ್ದಲ್ಲ, ಯಾರೂ ಬೇಡ ಅಂದದ್ದೂ ಅಲ್ಲ.

ಅವಳು ದೈವದೊಂದಿಗೆ ಮಾತಾಡುತ್ತಿದ್ದ ರೀತಿಯನ್ನು ನೀವು ಕೇಳಬೇಕಿತ್ತು. ಅದಕ್ಕೆ ಪ್ರಾರ್ಥನೆ ಎಂಬ ಹೆಸರು ಒಪ್ಪುವುದಿಲ್ಲ. "ಇಕೋ, ಎಣ್ಣೆ ಇವತ್ತು ಸ್ವಲ್ಪ ಕಡಿಮೆ ಉಂಟು, ನಾಳೆ ಬೋವಿಕಾನಕ್ಕೆ ಹೋಗಲಿಕ್ಕುಂಟು, ಅಷ್ಟರವರೆಗೆ ಸುಧಾರಿಸು" ಎನ್ನುತ್ತಿದ್ದಳು. ಒಮ್ಮೆ ದೈವಕ್ಕೆಂದು ಇಟ್ಟಿದ್ದ ಸೀಯಾಳವನ್ನು ನಾನು ಶಾಲೆಯಿಂದ ಬಂದವಳೇ ಗಟಗಟ ಕುಡಿದುಬಿಟ್ಟೆ. ಅಮ್ಮ ಹೊಡೆಯಲಿಕ್ಕೆ ಸೌಟು ಎತ್ತಿದಳು. ದೊಡ್ಡಮ್ಮ ಬೀಡಿಯ ಮೊರವನ್ನು ಪಕ್ಕಕ್ಕೆ ಸರಿಸಿ, ಮಂಚದ ಕಡೆ ತಿರುಗಿ, "ಮಗು ಬಿಸಿಲಲ್ಲಿ ಬಂತು, ಕುಡಿಯಿತು. ನೀನು ನಾಳೆ ಕುಡಿ, ಆಯ್ತಾ?" ಎಂದಳು. ನಂತರ ಅಮ್ಮನಿಗೆ, "ನೋಡು, ಅದು ಸುಮ್ಮನೆ ಉಂಟು. ನಿನ್ನದೆಂತ ಬೊಬ್ಬೆ?" ಎಂದಳು. ತಿಂಗಳ ಮೂರು ದಿನ ಅವಳು ಹೊಸ್ತಿಲಿನ ಹೊರಗೆ ಕೂತು ನನ್ನಿಂದ ದೀಪ ಹಚ್ಚಿಸುತ್ತಿದ್ದಳು. ಬತ್ತಿ ಎಳೆ, ಅಷ್ಟು ಬೇಡ, ಕಣ್ಣು ಮುಚ್ಚಬೇಡ ಮಾರಾಯ್ತಿ, ಬೆಂಕಿ ಹಿಡಿಯುವಾಗ ಕಣ್ಣು ಮುಚ್ಚುವವರು ಉಂಟಾ? ದೇವರ ಬಗ್ಗೆ ಯಾರಾದರೂ ನನಗೆ ಏನಾದರೂ ಕಲಿಸಿದ್ದರೆ ಅದು ಅಷ್ಟೇ. ಮನೆಯೊಳಗೆ ಒಬ್ಬರು ಇದ್ದಾರೆ, ಅವರಿಗೂ ಸಂಜೆ ಕತ್ತಲಾಗುತ್ತದೆ, ಅವರಿಗೂ ಒಂದು ದೀಪ ಬೇಕು. ಹೆದರುವ ಅಗತ್ಯವಿಲ್ಲ. ಮೀನಿನ ವಾಸನೆಗೆ ಅವರು ಮೂಗು ಮುಚ್ಚಿಕೊಳ್ಳುವುದಿಲ್ಲ.

ವಿಶ್ವನಾಥ ಮಾವ ಈ ಇಬ್ಬರು ಅಕ್ಕಂದಿರ ಕಿರಿ ತಮ್ಮ. ದೊಡ್ಡಮ್ಮನ ಸೊಂಟದ ಮೇಲೆ ಬೆಳೆದವನು. ಮಂಗಳೂರಿನಲ್ಲಿ ಟೈಲ್ಸಿನ ಅಂಗಡಿ ಇಟ್ಟು ಮೇಲೆ ಬಂದಿದ್ದ. ಕುಟುಂಬಕ್ಕೆ ಅವನೇ ಯಜಮಾನ. ನಾನು ಆರನೆಯ ಕ್ಲಾಸಿನಲ್ಲಿದ್ದಾಗ ಕುಟುಂಬದಲ್ಲಿ ಒಂದರ ಹಿಂದೆ ಒಂದು ತೊಂದರೆ ಬಂತು. ಮಾವನ ಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು, ಇನ್ನೊಬ್ಬರ ಮಗ ಬೈಕಿನಿಂದ ಬಿದ್ದ, ಮತ್ತೊಬ್ಬರ ಗಲ್ಫಿನ ಕೆಲಸ ಹೋಯಿತು. ಇಷ್ಟೆಲ್ಲ ಆಗುವುದು ಮನುಷ್ಯರು ಬದುಕಿರುವುದರಿಂದ ಎಂದು ಹೇಳುವವರು ಯಾರೂ ಇರಲಿಲ್ಲ. ಪ್ರಶ್ನೆ ಇಡಿಸಬೇಕು ಎಂದರು. ತೆಂಕಿನಿಂದ ಒಬ್ಬ ಜ್ಯೋತಿಷಿಯನ್ನು ಕಾರಿನಲ್ಲಿ ಕರೆಸಿದರು. ನಮ್ಮ ಚಾವಡಿಯಲ್ಲೇ ಅವರು ಕವಡೆ ಇಟ್ಟು ಕೂತರು. ಬೆಂಗಳೂರು, ಮುಂಬೈ, ಎಲ್ಲೆಲ್ಲಿದ್ದ ನೆಂಟರೂ ಬಂದು ಜಗಲಿ ತುಂಬಿತು. ಅವರಿಗೆಲ್ಲ ಬೇಯಿಸಿ ಹಾಕಿದವಳು ದೊಡ್ಡಮ್ಮ. ಹೊಗೆಯಿಂದ ಕಣ್ಣು ಕೆಂಪು ಮಾಡಿಕೊಂಡು ಒಳಗೂ ಹೊರಗೂ ಓಡುತ್ತ, "ಎಷ್ಟು ಸಮಯ ಆಯ್ತು ಈ ಮನೆಗೆ ಇಷ್ಟು ಜನ ಬಾರದೆ" ಎಂದು ನನ್ನೊಡನೆ ಖುಷಿಯಿಂದ ಹೇಳಿದಳು.

ಜ್ಯೋತಿಷಿ ಮಲಯಾಳದಲ್ಲಿ ಹೇಳಿದ್ದನ್ನು ಮಾವ ತುಳುವಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ದೈವಕ್ಕೆ ಈ ಮನೆಯಲ್ಲಿ ಶುದ್ಧ ಸಿಗುತ್ತಿಲ್ಲ. ಸಂಸಾರ ನಡೆಯುವ ಕಡೆ ಹೆರಿಗೆ, ಮುಟ್ಟು, ಮೀನು, ಎಂಜಲು ಎಲ್ಲ ಉಂಟು. ದೈವ ಮುಖ ತಿರುಗಿಸಿದೆ. ಹಳೆಯದನ್ನು ತೆಗೆದು ಹೊಸತು ಕಟ್ಟಬೇಕು. ಹೊಸತರಲ್ಲಿ ಯಾರೂ ವಾಸ ಮಾಡಬಾರದು. ಆಮೇಲೆ ಮಾವ ನೆಲ ನೋಡುತ್ತ, ಗಂಡನ ಮನೆ ಬಿಟ್ಟು ಬಂದ ಹೆಣ್ಣಿನ ಕೈಯ ದೀಪ ದೈವಕ್ಕೆ ಆಗುವುದಿಲ್ಲ ಎಂದೂ ಕಂಡುಬಂದಿದೆ ಅಂದ. ಅಮ್ಮ ಎದ್ದು ನಿಂತಳು. "ಇಷ್ಟು ವರ್ಷ ಆಯ್ತು ಅಲ್ವಾ? ಆಗದಿದ್ದರೆ ಅವತ್ತೇ ಹೇಳಬೇಕಿತ್ತು. ನಮಗೆ ಇಲ್ಲಿ ಕೂರುವ ಹಕ್ಕು ಉಂಟು, ವಿಸು" ಎಂದಳು. ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳ ಮುಖದಲ್ಲಿ ಇದ್ದದ್ದು ಸಿಟ್ಟೂ ಅಲ್ಲ, ಅಳುವೂ ಅಲ್ಲ, ನಾಚಿಕೆ. ಪಕ್ಕದಲ್ಲಿ ಕೂತವರಿಗೆ ಇಷ್ಟು ದಿನ ತನ್ನಿಂದ ತೊಂದರೆ ಆಗುತ್ತಿತ್ತು, ತನಗೆ ಗೊತ್ತೇ ಆಗಲಿಲ್ಲ ಎಂಬಂಥ ನಾಚಿಕೆ. "ಸಾಕು, ಕೂತುಕೋ" ಎಂದಳು ಅಮ್ಮನಿಗೆ. "ಅದಕ್ಕೆ ಆಗುವುದಿಲ್ಲ ಅಂದ ಮೇಲೆ ಮುಗಿಯಿತು. ನಾವು ಇರುವುದು ಅದಕ್ಕಾಗಿ ಅಲ್ಲವಾ?" ಇಂದಿಗೂ ನನ್ನನ್ನು ಉರಿಸುವುದು ಅವಳ ಈ ಮಾತು. ಅವಳು ಒಂದು ಸಲ ಕಿರುಚಿದ್ದರೆ ಸಾಕಿತ್ತು. ಭಕ್ತಿಯೇ ಅವಳ ಬಾಯಿಗೆ ಬಟ್ಟೆ ತುರುಕಿತು, ಮತ್ತೆ ಅದು ಆ ಜಗಲಿಯಲ್ಲಿದ್ದ ಎಲ್ಲರಿಗೂ ಎಷ್ಟು ಅನುಕೂಲವಾಯಿತು!

ನಾವು ಬೋವಿಕಾನದ ಪೇಟೆಯ ಹಿಂದೆ ಸಾಲುಮನೆಗಳ ಒಂದು ಕ್ವಾರ್ಟರ್ಸಿಗೆ ಹೋದೆವು. ಎರಡು ಕೋಣೆ, ಶೀಟಿನ ಮಾಡು. ಪಕ್ಕದ ಬಾಗಿಲು ಐಸಮ್ಮನದು, ಗಂಡ ತೀರಿಕೊಂಡ ಬ್ಯಾರಿ ಮುಸಲ್ಮಾನ ಹೆಂಗಸು, ದೊಡ್ಡಮ್ಮನ ಹಾಗೆ ಬೀಡಿ ಕಟ್ಟುವವಳು. ಹಳೆಯ ಮನೆಯನ್ನು ಜೆಸಿಬಿ ತಂದು ಕೆಡವಿದರು. ನಾನು ಶಾಲೆ ತಪ್ಪಿಸಿ ನೋಡಲಿಕ್ಕೆ ಹೋಗಿದ್ದೆ. ಮಣ್ಣಿನ ಗೋಡೆ ಬೀಳುವಾಗ ಶಬ್ದವೇ ಬರಲಿಲ್ಲ, ದೂಳು ಮಾತ್ರ ಎದ್ದಿತು. ಚಾವಡಿಯ ಗೋಡೆಯಲ್ಲಿ ದೊಡ್ಡಮ್ಮ ಒರಗಿ ಒರಗಿ ಎಣ್ಣೆಗಪ್ಪು ಹಿಡಿದ ಒಂದು ಜಾಗ ಇತ್ತು, ಅವಳ ಬೆನ್ನಿನ ಅಗಲದ್ದು. ಅದು ಕೊನೆಯವರೆಗೆ ನಿಂತಿತ್ತು, ಆಮೇಲೆ ಅದೂ ಬಿತ್ತು. ನಿಮ್ಮಲ್ಲಿ ಕೆಲವರಿಗಾದರೂ ಇಂಥ ಒಂದು ಗೋಡೆ ಇದ್ದಿರಬೇಕು, ಯಾರದೋ ಬೆನ್ನಿನ ಗುರುತು ಹೊತ್ತದ್ದು. ಅದು ಬಿದ್ದ ದಿನ ನೀವೂ ಏನೂ ಹೇಳದೆ ಬಸ್ಸು ಹತ್ತಿ ಮನೆಗೆ ಬಂದಿರುತ್ತೀರಿ.

ಹೊಸ ತರವಾಡು ಎದ್ದಿತು. ಕೆತ್ತನೆಯ ಕಂಬ, ಗ್ರಾನೈಟಿನ ಮೆಟ್ಟಿಲು, ಮಾವನ ಅಂಗಡಿಯ ಟೈಲ್ಸು, ಸುತ್ತ ಕಬ್ಬಿಣದ ಗೇಟು. ಅಡುಗೆಮನೆ ಇಲ್ಲ, ಮಲಗುವ ಕೋಣೆ ಇಲ್ಲ, ಕಕ್ಕಸು ಇಲ್ಲ. ಮನೆ ಎಂಬ ಹೆಸರು ಮಾತ್ರ ಉಂಟು. ತಿಂಗಳಿಗೊಮ್ಮೆ ಸಂಕ್ರಮಣದ ದಿನ ಒಬ್ಬರು ಬಂದು ಬಾಗಿಲು ತೆರೆದು ಪೂಜೆ ಮಾಡಿ ಹೋಗುತ್ತಾರೆ. ಉಳಿದ ದಿನ ಒಳಗೆ ಒಂದು ಕೆಂಪು ಬಲ್ಬು ಉರಿಯುತ್ತದೆ. "ಕರೆಂಟು ಹೋದರೂ ಆರುವುದಿಲ್ಲ, ಇನ್ವರ್ಟರ್ ಇಟ್ಟಿದ್ದೇನೆ" ಎಂದು ಮಾವ ದೊಡ್ಡಮ್ಮನಿಗೆ ಹೆಮ್ಮೆಯಿಂದ ಹೇಳಿದ. "ಒಳ್ಳೆಯದಾಯಿತು, ಎಣ್ಣೆಯ ರಗಳೆ ಇಲ್ಲ" ಎಂದಳು ದೊಡ್ಡಮ್ಮ. ಬಾಗಿಲು ಮುಚ್ಚಿದ, ಯಾರೂ ಕೆಮ್ಮದ, ಯಾರೂ ಬಯ್ಯದ ಆ ಟೈಲ್ಸಿನ ಪೆಟ್ಟಿಗೆಯೊಳಗೆ ದೈವ ಯಾರ ಜೊತೆ ಮಾತಾಡಬೇಕು ಎಂದು ನನಗೆ ಅರ್ಥವಾಗಲಿಲ್ಲ.

ಹೊಸ ಮನೆಯ ಮೊದಲ ಕೋಲದ ಮೇಲೆ ನಾನು ನನ್ನ ಎಲ್ಲ ಆಸೆಯನ್ನು ಇಟ್ಟಿದ್ದೆ. ಕೋಲ ಎಂದರೆ ದೈವ ಮನುಷ್ಯನ ಮೈಮೇಲೆ ಬಂದು ಮಾತಾಡುವ ಹೊತ್ತು. ಬೆಳಗಿನ ಬೆಳಕು ಹರಿಯುವಾಗ ಅದು ಯಜಮಾನನನ್ನು ಹತ್ತಿರ ಕರೆದು ಕುಟುಂಬದ ಸುಖದುಃಖ ವಿಚಾರಿಸುತ್ತದೆ. ಅದು ಕೇಳಿಯೇ ಕೇಳುತ್ತದೆ ಎಂದು ನನಗೆ ಗ್ಯಾರಂಟಿ ಇತ್ತು. ನನಗೆ ದಿನಾ ದೀಪ ಇಡುತ್ತಿದ್ದ ಹೆಣ್ಣು ಎಲ್ಲಿ, ಅವಳನ್ನು ಎಂತ ಮಾಡಿದಿರಿ ಎಂದು ಎಲ್ಲರ ಎದುರು ಕೇಳುತ್ತದೆ, ಮಾವನ ಟೈಲ್ಸು ನಡುಗುತ್ತದೆ. ದೊಡ್ಡಮ್ಮ ಹೆಂಗಸರ ಗುಂಪಿನ ಕೊನೆಯಲ್ಲಿ, ಗೇಟಿನ ಹತ್ತಿರ ನಿಂತಿದ್ದಳು. ನಾನು ಅವಳ ಕೈ ಹಿಡಿದುಕೊಂಡಿದ್ದೆ. ಮುಖಕ್ಕೆ ಬಣ್ಣ, ತಲೆಗೆ ಮುಡಿ, ಕಾಲಿಗೆ ಗಗ್ಗರ ಕಟ್ಟಿಕೊಂಡ ದೈವ ಖಡ್ಗ ಹಿಡಿದು ಬಂದು ಮಾವನ ಎದುರು ನಿಂತಿತು. "ನನ್ನ ಸಂಸಾರ ಒಟ್ಟಿಗೆ ಉಂಟಾ?" ಎಂದು ಕೇಳಿತು. "ಉಂಟು" ಎಂದ ಮಾವ, ಕೈಮುಗಿದು. "ನೀವು ಕಟ್ಟಿದ ಮನೆ ನೋಡಿದೆ, ಸಂತೋಷ" ಎಂದಿತು ದೈವ. ಅಡಿಕೆಯ ಹಿಂಗಾರ ಎಸೆದು ಮುಂದೆ ನಡೆಯಿತು. ಅಷ್ಟೇ. ಮಗುವಾಗಿದ್ದ ನಾನು ಅಲ್ಲಿ ಮುಗಿದೆ ಎಂದರೂ ತಪ್ಪಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ತಡೆಯಲಾರದೆ ಕೇಳಿದೆ, ಯಾಕೆ ಅದು ನಿನ್ನನ್ನು ಕೇಳಲಿಲ್ಲ ಎಂದು. ದೊಡ್ಡಮ್ಮ ನನ್ನ ಕಡೆ ತಿರುಗಿ, ನಾನು ಬುದ್ಧಿಯಿಲ್ಲದ ಮಾತಾಡಿದೆ ಎಂಬಂತೆ ನೋಡಿದಳು. "ಅಷ್ಟು ಜನರ ಎದುರು ಹಾಗೆಲ್ಲ ಕೇಳಲಿಕ್ಕೆ ಆಗುತ್ತದಾ ಮಗಾ? ನಿನ್ನ ಮಾವನ ಮರ್ಯಾದೆ ಎಂತ ಆಗಬೇಕು? ದೈವಕ್ಕೆ ಬುದ್ಧಿ ಉಂಟು" ಎಂದಳು. ಅಮ್ಮ ಜೀಪಿನ ಹೊರಗೆ ಮುಖ ಮಾಡಿ ಕೂತಿದ್ದಳು. ನನಗೆ ಮಾವನ ಮೇಲೆ ಇದ್ದ ಸಿಟ್ಟು ಅವತ್ತು ದೊಡ್ಡಮ್ಮನ ಮೇಲೂ ಬಂತು.

ಕ್ವಾರ್ಟರ್ಸಿನಲ್ಲಿ ಅವಳು ದೀಪ ಹಚ್ಚಲಿಲ್ಲ. ಗೋಡೆಯ ಗೂಡಿನಲ್ಲಿ ಒಂದು ಹಣತೆ ಇಡಬಹುದಾ ಎಂದು ಮಾವನ ಮೂಲಕ ಜ್ಯೋತಿಷಿಯ ಹತ್ತಿರ ಕೇಳಿಸಿದ್ದಳು. ಅದೇ ದೈವಕ್ಕೆ ಎರಡು ಕಡೆ ದೀಪ ಇಟ್ಟರೆ ತೊಂದರೆ ಎಂದು ಉತ್ತರ ಬಂತು. "ಬೇರೆ ದೇವರಿಗೆ ಇಡು, ಎಷ್ಟು ದೇವರುಗಳು ಬೇಕು!" ಎಂದಳು ಅಮ್ಮ. "ಅವರ ಪರಿಚಯ ನನಗೆಲ್ಲಿ ಉಂಟು?" ಎಂದಳು ದೊಡ್ಡಮ್ಮ. ಆದರೆ ಮೈಗೆ ಅಭ್ಯಾಸ ಆಗಿಬಿಟ್ಟಿತ್ತಲ್ಲ. ಪೇಟೆಯ ಮಸೀದಿಯಲ್ಲಿ ಸಂಜೆಯ ಬಾಂಗು ಕೇಳುವ ಹೊತ್ತಿಗೆ ಬೀಡಿಯ ಮೊರ ಕೆಳಗಿಟ್ಟು ಏಳುತ್ತಿದ್ದಳು. ಹಿಂದೆ ಹೋಗಿ ಕೈಕಾಲು ಮುಖ ತೊಳೆದು, ಸೆರಗು ಸರಿಮಾಡಿಕೊಂಡು ಒಳಗೆ ಬರುತ್ತಿದ್ದಳು. ಬಂದು ಕೂರುತ್ತಿದ್ದಳು. ಒದ್ದೆ ಕೈಗಳು ಮಡಿಲಲ್ಲಿ ಸುಮ್ಮನೆ ಇರುತ್ತಿದ್ದವು. ಆ ಕೈಗಳನ್ನು ನೋಡಲಾಗದೆ ನಾನು ಟಿ.ವಿ. ಹಾಕುತ್ತಿದ್ದೆ. ಎಷ್ಟೋ ವರ್ಷ ಹೀಗೆಯೇ ನಡೆಯಿತು. ನಾನು ಕಾಸರಗೋಡಿನ ಕಾಲೇಜಿಗೆ ಹೋಗಿ ಬಂದೆ, ಬಿ.ಎಡ್. ಮುಗಿಸಿದೆ, ಅಪ್ಪ ಗಲ್ಫಿನಿಂದ ಸಕ್ಕರೆ ಕಾಯಿಲೆ ತಂದರು, ತೀರಿಹೋದರು. ಅವಳು ಸಂಜೆಯಾದರೆ ಕೈಕಾಲು ತೊಳೆದು ಬಂದು ಕೂರುತ್ತಿದ್ದಳು.

ಎರಡು ಸಾವಿರದ ಹದಿನೆಂಟರಲ್ಲಿ ಅವಳ ಶ್ವಾಸಕೋಶ ಕೈಕೊಟ್ಟಿತು. ಹೊಗೆಸೊಪ್ಪಿನ ಪುಡಿಯನ್ನು ಇಡೀ ಜೀವಮಾನ ಉಸಿರಾಡಿದವಳು. ದೊಡ್ಡಾಸ್ಪತ್ರೆಯವರು ಮನೆಗೆ ಕರಕೊಂಡು ಹೋಗಿ ಎಂದರು, ಅಂದರೆ ಏನು ಎಂದು ನಮಗೆ ಗೊತ್ತಾಯಿತು. ಯಾವತ್ತೂ ಏನೂ ಕೇಳದವಳು ಅವತ್ತು ಅಮ್ಮನ ಕೈ ಹಿಡಿದು ಒಂದೇ ಒಂದು ಮಾತು ಕೇಳಿದಳು. "ನನ್ನನ್ನು ಅಲ್ಲಿಯೇ ಸುಡುತ್ತೀರಿ ಅಲ್ಲವಾ? ತೆಂಕು ಮೂಲೆಯಲ್ಲಿ, ನಮ್ಮ ಅಮ್ಮನ ಹತ್ತಿರ? ಒಳಗೆ ಬೇಡ, ಚಾವಡಿಗೆ ನಾನು ಬರುವುದಿಲ್ಲ. ಹೊರಗೆ ಮೂಲೆಯಲ್ಲಿ ಆದರೆ ಅದಕ್ಕೆ ತೊಂದರೆ ಇಲ್ಲ." ಹೆಣವಾದ ಮೇಲೂ ಯಾರಿಗೂ ತೊಂದರೆ ಕೊಡದ ದಾರಿಯನ್ನು ಅವಳೇ ಹುಡುಕಿಟ್ಟಿದ್ದಳು. ಅಮ್ಮ ಹೂಂ ಎಂದಳು. ನಾನೂ ಹೂಂ ಎಂದೆ.

ಅವಳು ಹೋದದ್ದು ಒಂದು ಮಧ್ಯಾಹ್ನ, ಐಸಮ್ಮ ಬಾಯಿಗೆ ನೀರು ಬಿಡುತ್ತಿದ್ದಾಗ. ತರವಾಡಿನಲ್ಲಿ ಆ ವರ್ಷದ ಕೋಲಕ್ಕೆ ಬಾಳೆಗೊನೆ ಕಡಿದು ಮುಹೂರ್ತ ಮಾಡಿ ಆಗಿತ್ತು. ಹಾಗೆ ಮುಹೂರ್ತ ಆದ ಮೇಲೆ ಕುಟುಂಬದಲ್ಲಿ ಸಾವಾದರೆ ಎಲ್ಲರಿಗೂ ಸೂತಕ. ಸೂತಕದ ಮೈಯಲ್ಲಿ ದೈವದ ಹತ್ತಿರ ಯಾರೂ ಹೋಗುವ ಹಾಗಿಲ್ಲ, ಕೋಲ ನಿಲ್ಲಲೇಬೇಕು. ಮಾವನಿಗೆ ಫೋನು ಮಾಡಿದವಳು ನಾನೇ. ಮಾವ ಅತ್ತ. ಅದು ಸುಳ್ಳು ಅಳು ಅಲ್ಲ, ಅಷ್ಟು ಅನ್ಯಾಯದ ಮಾತು ನಾನು ಹೇಳುವುದಿಲ್ಲ. ಆಮೇಲೆ, "ಈಗ ಯಾರಿಗೂ ಹೇಳಬೇಡ, ನಾನು ಕೇಳಿ ಹೇಳುತ್ತೇನೆ" ಎಂದ. ಗಂಟೆ ಕಳೆದು ಅವನೇ ಮಾಡಿದ. ಜ್ಯೋತಿಷಿ ಫೋನಿನಲ್ಲೇ ಕವಡೆ ಇಟ್ಟು ನೋಡಿದರಂತೆ. "ಅಕ್ಕನನ್ನು ಧಾರೆ ಎರೆದು ಕೊಟ್ಟಾಗಿದೆ. ಹಾಗಾಗಿ ಅವಳು ಗಂಡನ ಕುಟುಂಬಕ್ಕೆ ಸೇರಿದವಳು ಎಂದೇ ಕಾಣುತ್ತದೆ. ಸೂತಕ ಆ ಕಡೆಗೆ. ನಮಗೆ ಸೂತಕ ಇಲ್ಲ" ಎಂದ. ತೆಂಕು ಮೂಲೆಯ ಮಾತು ಎತ್ತಿದೆ. "ಹೊರಗಿನ ಕುಟುಂಬದವರನ್ನು ಅಲ್ಲಿ ಸುಡುವುದು ಹೇಗೆ? ನೀನೇ ಯೋಚನೆ ಮಾಡು, ಕಲಿತವಳು" ಎಂದ.

ಗಾಳಿ ಸಾಲುವುದಿಲ್ಲ ಎಂದು ಅವಳು ಬಿಟ್ಟು ಬಂದ ಮನೆಗೇ ಅವಳನ್ನು ಸತ್ತ ಮೇಲೆ ಲೆಕ್ಕದಲ್ಲಿ ವಾಪಸು ಕಳಿಸಿದರು. ಆ ಗಂಡ ಎಂದೋ ಇನ್ನೊಂದು ಮದುವೆಯಾಗಿ ಮಕ್ಕಳು ಮೊಮ್ಮಕ್ಕಳೊಂದಿಗೆ ಇದ್ದ. ಇವಳು ಸತ್ತದ್ದನ್ನು ಆ ಕಡೆಗೆ ಯಾರೂ ತಿಳಿಸಲೂ ಇಲ್ಲ. ಆದ್ದರಿಂದ ಈ ಭೂಮಿಯ ಮೇಲೆ ಅವಳಿಗಾಗಿ ಸೂತಕ ಹಿಡಿಯಬೇಕಾದವರು ಯಾರೂ ಉಳಿಯಲಿಲ್ಲ. ಪಂಚಾಯತಿನ ಶ್ಮಶಾನದಲ್ಲಿ ಸುಟ್ಟೆವು. ಕೊಳ್ಳಿ ಇಡಲು ಗಂಡಸರು ಬೇಕು ಎಂದು ಅಲ್ಲಿದ್ದವರು ಗೊಣಗಿದರು. ಇದ್ದರೆ ಕರೆಯಿರಿ ಎಂದೆ. ಆಮೇಲೆ ನಾನೇ ಇಟ್ಟೆ. ಮನೆಗೆ ಬಂದು ಮಿಂದೆವು. ಅಮ್ಮ ಒಲೆ ಹಚ್ಚಲಿಲ್ಲ, ತಲೆಗೆ ಎಣ್ಣೆ ಮುಟ್ಟಿಸಲಿಲ್ಲ, ನೆಲದಲ್ಲಿ ಚಾಪೆ ಹಾಕಿದಳು. "ನಾವು ಹಿಡಿಯುವಾ. ಅವರ ಲೆಕ್ಕ ಅವರಿಗೆ" ಎಂದಳು. ಪಕ್ಕದಿಂದ ಐಸಮ್ಮ ದಿನಾ ಗಂಜಿ ತಂದು ಹೊಸ್ತಿಲಲ್ಲಿ ಇಡುತ್ತಿದ್ದಳು. ಅವಳ ಮನೆಯಲ್ಲೂ ಆ ದಿನಗಳಲ್ಲಿ ಒಗ್ಗರಣೆಯ ಸದ್ದು ಕೇಳಿಸಲಿಲ್ಲ. "ನನಗೆ ನಿಮ್ಮ ಶಾಸ್ತ್ರ ಎಲ್ಲ ಗೊತ್ತಿಲ್ಲ. ಬಾಯಿಗೆ ರುಚಿ ಬರುವುದಿಲ್ಲ, ಅಷ್ಟೇ" ಎಂದಳು ಕೇಳಿದ್ದಕ್ಕೆ.

ಕೋಲದ ದಿನ ಬೆಳಿಗ್ಗೆ ಮಾವನ ಕಾರು ಕ್ವಾರ್ಟರ್ಸಿನ ಎದುರು ಬಂದು ನಿಂತಿತು. ದೈವದ ಆಭರಣಗಳ ಭಂಡಾರ ಬರುವಾಗ ದೀಪ ಹಿಡಿದು ಎದುರುಗೊಳ್ಳಲು ಕುಟುಂಬದ ಹೆಣ್ಣೇ ಬೇಕು, ಹುಟ್ಟಿದ ಮಗಳು. ಮಾವನಿಗೆ ಈಗ ಉಳಿದಿದ್ದ ಅಕ್ಕ ಅಮ್ಮ ಒಬ್ಬಳೇ. ಮಿಂದು, ಗಂಧ ಹಚ್ಚಿ, ಅಂಚಿನ ಬಿಳಿ ಮುಂಡು ಉಟ್ಟು ಬಂದಿದ್ದ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಹೊಸ್ತಿಲಿನ ಹೊರಗೆ ನಿಂತು, "ಹೊರಡು ಅಕ್ಕಾ, ಹೊತ್ತಾಯಿತು. ನಿನಗೆ ಧಾರಾಳ ಬರಬಹುದು, ಕೇಳಿಯೇ ಬಂದಿದ್ದೇನೆ" ಎಂದ. ಅಮ್ಮ ಚಾಪೆಯಿಂದ ಎದ್ದಳು. ಎಣ್ಣೆ ಕಾಣದ ತಲೆ, ಅದೇ ಹಳೆಯ ಸೀರೆ.

"ನಮಗೆ ಸೂತಕ ಇಲ್ಲ ಅಂದೆಯಲ್ಲ, ವಿಸು?"

"ಇಲ್ಲ. ಖಂಡಿತ ಇಲ್ಲ."

"ಹಾಗಾದರೆ ಕೈ ಹಿಡಿದು ಕರಕೊಂಡು ಹೋಗು" ಎಂದು ಅಮ್ಮ ಹೊಸ್ತಿಲು ದಾಟಿ ಕೈ ಚಾಚಿದಳು. ದೊಡ್ಡಮ್ಮನಿಗೆ ಕೊನೆಯ ಸ್ನಾನ ಮಾಡಿಸಿದ ಕೈ. ಮಾವ ಥಟ್ಟನೆ ಹಿಂದೆ ಸರಿದ. ಯೋಚಿಸಿ ಸರಿದದ್ದಲ್ಲ, ಬಿಸಿ ತಗುಲಿದ ಹಾಗೆ ಸರಿದದ್ದು. ಒಂದು ಕಾಲಿನ ಚಪ್ಪಲಿ ಕಳಚಿ ಅಲ್ಲಿಯೇ ಬಿತ್ತು. ಮುಂಡಿನ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡಿದ್ದ, ಎಲ್ಲಿ ತಾಗುತ್ತದೋ ಎಂದು. ಆಮೇಲೆ ತಾನು ಏನು ಮಾಡಿದೆ ಎಂದು ಅವನಿಗೇ ಗೊತ್ತಾಯಿತು. ಪಕ್ಕದ ಬಾಗಿಲಲ್ಲಿ ಐಸಮ್ಮ ಗಂಜಿಯ ಪಾತ್ರೆ ಹಿಡಿದು ನಿಂತಿದ್ದಳು. ಅಮ್ಮ ಚಾಚಿದ ಕೈಯನ್ನು ನಿಧಾನಕ್ಕೆ ಕೆಳಗೆ ಬಿಟ್ಟಳು. "ಹೋಗು, ನಿನಗೆ ಹೊತ್ತಾಯಿತು" ಎಂದಳು. ಆ ದನಿಯಲ್ಲಿ ಸಿಟ್ಟು ಇರಲಿಲ್ಲ.

ಅವನು ಹೋದ. ಕೋಲ ಚಂದ ಆಯಿತಂತೆ. ಅಮ್ಮ ಈಗ ನನ್ನ ಜೊತೆ ಕುಂಜತ್ತೂರಿನಲ್ಲಿ ಇದ್ದಾಳೆ, ಆ ಮನೆಯ ಮಾತನ್ನು ಎತ್ತುವುದಿಲ್ಲ. ನಾನು ಕಮಲದ ಹೂವಿನ ಸಾಲುಗಳನ್ನು ಓದಿ ಅಳಿಸುತ್ತೇನೆ. ನನ್ನ ಬೆಳವಣಿಗೆ ಎಷ್ಟಾಗಿದೆಯೋ ಗೊತ್ತಿಲ್ಲ, ಹೆಚ್ಚೇನೂ ಆಗಿರಲಿಕ್ಕಿಲ್ಲ, ಸಿಟ್ಟು ಇನ್ನೂ ಹಾಗೆಯೇ ಉಂಟು. ಆದರೆ ಮೈಲಿಗೆ ಎಂದರೆ ಏನು ಎಂದು ಆ ಬೆಳಿಗ್ಗೆ ನೋಡಿದ್ದೇನೆ. ಯಾರು ನಮ್ಮವರೋ ಅವರ ಸಾವು ಮಾತ್ರ ನಮಗೆ ಅಂಟುತ್ತದೆ. ಗುಲಾಬಿ ದೊಡ್ಡಮ್ಮ ನಮ್ಮ ಕುಟುಂಬದವಳು ಎಂದು ಹೇಳಲು ಮಾವನ ಬಾಯಿಗೆ ಆಗಲಿಲ್ಲ. ಅವನ ಕಾಲು ಹೇಳಿತು.